ಟ್ಯಾಪೆಟ್ ಸದ್ದಿನ ಬೆಳಗುಗಳು

ಅಂಬಾಸಿಡರ್ ಅಂದರೆ ನಮ್ಮನೆ ಮಕ್ಕಳಿಗೆಲ್ಲ ಮೊದಲು ನೆನಪಾಗುವುದು ವಾಸನೆ. ಕೊಟ್ಟಿಗೆಯ ಗೊಬ್ಬರ, ಅಂಗಳದಲ್ಲಿ ಒಣಗುತ್ತಿದ್ದ ಚಾಲಿ ಅಡಿಕೆ, ಬಿಸಿಲಿಗೆ ಕಾದ ರೆಕ್ಸಿನ್ ಸೀಟು, ಎಲ್ಲದರ ಮೇಲೆ ತೇಲಿಬರುವ ಪೆಟ್ರೋಲು. ದೊಡ್ಡಪ್ಪ ಮದುವೆಗೋ ಸೊಸೈಟಿಗೋ ಹೊರಟರೆಂದರೆ ಒಬ್ಬ ತಂಬಿಗೆಯಲ್ಲಿ ರೇಡಿಯೇಟರಿಗೆ ನೀರು ತರಬೇಕು, ಒಬ್ಬಳು ಅಜ್ಜಿಯ ಹಳೇ ಸೀರೆಚೂರಿನಿಂದ ಗಾಜು ಒರೆಸಬೇಕು, ಸಣ್ಣವರು ಚಕ್ರಕ್ಕೆ ಕೊಟ್ಟ ಕಲ್ಲು ತೆಗೆಯಲು ಕುಕ್ಕರಗಾಲಲ್ಲಿ ಕಾಯಬೇಕು. ಚೋಕ್ ಎಳೆದು, ಎಂಜಿನ್ ಕೆಮ್ಮಿ ಹಿಡಿದು, ಟ್ಯಾಪೆಟ್ಟಿನ ಟಕಟಕ ತೋಟದಾಚೆಗೆ ಕೇಳುವವರೆಗೂ ಯಾರೂ ಜಗಲಿ ಹತ್ತುತ್ತಿರಲಿಲ್ಲ.

"ಸದ್ದು ಮಾಡೋ ಟ್ಯಾಪೆಟ್ಟಿಗೆ ಹೆದರ್ಬೇಡ್ರೋ, ಅಡಗಿದ್ರೆ ಹೇಳಿ ಕಳ್ಸಿ" ಎನ್ನುತ್ತಿದ್ದರು ಮೇಸ್ತ್ರಿ. ಆ ಮಾತು ನಿಜವಾದದ್ದು 2000ರ ಫೆಬ್ರವರಿ 1ರಿಂದ ದೇಶದ ತುಂಬ ಸೀಸವಿಲ್ಲದ ಪೆಟ್ರೋಲೇ ಬಂದು ಕೆಲವು ಮಳೆಗಾಲ ಕಳೆದ ಮೇಲೆ. ಮಾರಿಸ್ ಆಕ್ಸ್‌ಫರ್ಡ್ ವಂಶದ ಆ 1489 ಸಿಸಿ ಎಂಜಿನ್ನಿನ ಹೆಡ್ಡು ಬೀಡಿನದು. ವಾಲ್ವಿನ ಸೀಟಿನ ಮೇಲೆ ತೆಳ್ಳಗೆ ಕೂತು ಅದನ್ನು ಕಾಯುತ್ತಿದ್ದದ್ದು ಸೀಸವೇ. ಅದಿಲ್ಲದೆ, ಭಾರ ಹೊತ್ತು ಆಗುಂಬೆ ಘಾಟಿ ಹತ್ತುವಾಗ ಕಾದು ಕೆಂಡವಾದ ಎಕ್ಸಾಸ್ಟ್ ವಾಲ್ವು ಸೀಟಿಗೆ ಅಂಟಿ, ಬಿಡುವಾಗಲೆಲ್ಲ ಕಣಕಣವಾಗಿ ಕಿತ್ತು, ಹೆಡ್ಡಿನೊಳಗೆ ಇಳಿಯುತ್ತ ಹೋಯಿತು. ಟ್ಯಾಪೆಟ್ಟಿನ ಸಂದು ಮುಚ್ಚಿತು, ಟಕಟಕ ಅಡಗಿತು, ಗಾಡಿಗೆ ಎಳೆತವೇ ಇಲ್ಲ.

ಶಿವಮೊಗ್ಗದ ಲೇತಿನಲ್ಲಿ ಹೆಡ್ಡು ಕೊರೆಸಿ ಗಟ್ಟಿ ಉಕ್ಕಿನ ರಿಂಗು ಕೂರಿಸಿಕೊಂಡು ಬಂದರು ಮೇಸ್ತ್ರಿ. ಕಾಲೇಜು ರಜೆಗೆ ಬಂದಿದ್ದ ನಾವೆಲ್ಲ ಸರದಿಯಲ್ಲಿ, ಅಜ್ಜಿ ಕಡೆಗೋಲು ತಿರುಗಿಸಿದ ಹಾಗೆ ಅಂಗೈ ನಡುವೆ ಕೋಲು ಹೊಸೆಯುತ್ತ, ಪೇಸ್ಟು ಹಚ್ಚಿ ವಾಲ್ವು ಅರೆದೆವು. ಊಟಕ್ಕೆ ಕರೆದರೂ ಏಳಲಿಲ್ಲ. ನಾವೆಲ್ಲ ಒಟ್ಟಿಗೆ ಮಾಡಿದ ಕಡೆಯ ಕೆಲಸ ಅದೇ ಇರಬೇಕು.

ಸೀಸ ಹೋದದ್ದು ಒಳ್ಳೆಯದೇ. ಎಳೆಯ ಮಕ್ಕಳ ರಕ್ತಕ್ಕೆ ಸೇರಿ ಬುದ್ಧಿ ಮಂಕು ಮಾಡುವ ವಿಷ ಅದು. ಹೊಗೆಯ ಹಿಂದೆ ನಿಂತು ಮೂಗರಳಿಸುತ್ತಿದ್ದ ನಮ್ಮ ಹಿಂಡನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಆದರೂ ಆ ವಾಸನೆ ಬೇಕೆನಿಸುತ್ತದೆ.

ಈಗ ಬಂಕಿನಲ್ಲಿ ಸಿಗುವುದು ಶೇಕಡ 20 ಎಥನಾಲ್ ಬೆರೆತದ್ದು. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮು ಅದಕ್ಕೆ ತಾಳುವುದಿಲ್ಲ. ಮಳೆಗಾಲದ ಥಂಡಿಯನ್ನೆಲ್ಲ ಹೀರಿ ಟ್ಯಾಂಕಿನ ತಳಕ್ಕೆ ನೀರು ಇಳಿಸುತ್ತದೆ. ಅಣ್ಣ ಪೈಪುಗಳನ್ನೆಲ್ಲ ಬದಲಿಸಿದ್ದಾನೆ, ಆರಿದ್ರೆ ಮಳೆಗೆ ಮೊದಲೇ ಕಾರ್ಬೊರೇಟರ್ ಬರಿದು ಮಾಡಿಡುತ್ತಾನೆ. ಬ್ಯಾಟರಿ ಇಳಿದಾಗ ಮಾತ್ರ ಕಷ್ಟ. ಆಗೆಲ್ಲ ಒಂದು ಕೂಗಿಗೆ ಮಕ್ಕಳ ದಂಡೇ ಬಂದು ಇಳಿಜಾರಿಗೆ ತಳ್ಳುತ್ತಿತ್ತು. ಈಗ ಮನೆಯಲ್ಲಿ ಅಣ್ಣ, ಅತ್ತಿಗೆ ಇಬ್ಬರೇ, ತಳ್ಳಲು ಆಚೆಮನೆಯವರನ್ನು ಕರೆಯಬೇಕು.