ಮೂರು ರಾಗಿಕಾಳಿನ ದಪ್ಪ

ವಾಚಿನ ಹುಚ್ಚಿರುವವರು ಡಯಲನ್ನು ಹೊಗಳುತ್ತಾರೆ, ಒಳಗಿನ ಯಂತ್ರವನ್ನು ಹೊಗಳುತ್ತಾರೆ. ಕೇಸಿನ ಮಾತು ಬಂದರೆ ಹೊಳಪಿನಿಂದ ಆಚೆ ಹೋಗುವುದಿಲ್ಲ. ಆದರೆ ದಿನವಿಡೀ ಬೆವರು ಕುಡಿಯುವುದು, ಬಾಗಿಲ ಚೌಕಟ್ಟಿಗೆ ತಾಗಿ ಗೀರು ಬೀಳಿಸಿಕೊಳ್ಳುವುದು ಕೇಸೇ. ಇರಲೇಬೇಕಾದ ದಪ್ಪವನ್ನು ಎಲ್ಲಿಡಬೇಕೆಂದು ಬಲ್ಲದ್ದೇ ಒಳ್ಳೆಯ ಕೇಸು ಎಂಬುದು ನನ್ನ ವಾದ. ಮಾಲೂರಿನವರಿಗೆ ಇದು ಹೊಸ ಪಾಠವೇನಲ್ಲ. ಇಲ್ಲಿನ ಹಂಚು ತೆಳ್ಳಗಿದ್ದೂ ಮುರಿಯದಿರುವುದು ಅದರ ಮೈಮೇಲಿನ ಏಣುಗಳಿಂದ, ಮಡಿಸಿದ ಅಂಚಿನಿಂದ. ಶಿವಾರಪಟ್ಟಣದ ಶಿಲ್ಪಿ ದೇವರ ಕೈಬೆರಳನ್ನು ಎಷ್ಟು ನಾಜೂಕಾಗಿ ಕಡೆದರೂ ಹಿಂದೆ ಪ್ರಭಾವಳಿಯ ಕಲ್ಲನ್ನು ಉಳಿಸಿ ಕೈಗೆ ಆಸರೆ ಕೊಡುತ್ತಾನೆ.

ಈ ಅಳತೆಗೋಲು ಹಿಡಿದು ನಮ್ಮ ಸೀಮೆಯ ಎರಡು ವಾಚುಗಳನ್ನು ನೋಡೋಣ. ಜಪಾನಿನ ಸಿಟಿಜನ್ ಜೊತೆಗೂಡಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಹೊರಟ ಎಚ್‌ಎಂಟಿಯ ‘ಜನತಾ’ ಕೀ ಕೊಡುವ ವಾಚು, 17 ಜ್ಯುವೆಲ್ಲಿನದು. ಸ್ಪ್ರಿಂಗಿನ ಡಬ್ಬಿ, ಒಂದರ ಮೇಲೊಂದು ಹಾಯುವ ಹಲ್ಲುಚಕ್ರಗಳು, ಆಡುತ್ತಲೇ ಇರುವ ಬ್ಯಾಲೆನ್ಸ್ ಚಕ್ರ ಎಲ್ಲಕ್ಕೂ ಎತ್ತರ ಬೇಕು. ಜನತಾದ ಕೇಸು ಆ ಎತ್ತರವನ್ನು ಮೂರು ಪಾಲು ಮಾಡಿ ಹಂಚುತ್ತದೆ. ಒಂದು ಪಾಲು ಮೇಲೆ ಗುಮ್ಮಟದ ಹಾಗೆ ಉಬ್ಬಿದ ಪ್ಲಾಸ್ಟಿಕ್ ಗಾಜಿಗೆ. ಇನ್ನೊಂದು ಮಣಿಕಟ್ಟಿನ ಕಡೆಗೆ ಇಳಿದ ಬೆನ್ನಿನ ಮುಚ್ಚಳಕ್ಕೆ. ನಡುವೆ ಉಳಿಯುವ ಲೋಹದ ಸುತ್ತುಪಟ್ಟಿ ಸಣ್ಣದು. ಪಕ್ಕದಿಂದ ಕಾಣುವುದು ಆ ಪಟ್ಟಿಯೇ ಆದ್ದರಿಂದ ಕಣ್ಣು ಅದನ್ನೇ ವಾಚಿನ ದಪ್ಪವೆಂದು ಲೆಕ್ಕ ಹಿಡಿಯುತ್ತದೆ.

ಮಾಲೂರಿಗೆ ನೆರೆಯೂರಾದ ಹೊಸೂರಿನಲ್ಲಿ ಟೈಟಾನ್ ಕಾರ್ಖಾನೆಯಿದೆ. ಆ ಕಂಪನಿ 2002ರಲ್ಲಿ ಹೊರತಂದ ‘ಎಡ್ಜ್’ ವಾಚಿಗೆ ಇಂಥ ಆಟಕ್ಕೆ ಜಾಗವೇ ಇಲ್ಲ. ಇಡೀ ವಾಚು 3.5 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಮೂರು ರಾಗಿಕಾಳು. ಒಳಗಿನ ಕ್ವಾರ್ಟ್ಜ್ ಯಂತ್ರ 1.15 ಮಿಲಿಮೀಟರ್, ಒಂದು ಕಾಳು. ಉಳಿದ 2.35ರಲ್ಲಿ ಗಾಜು, ಮುಳ್ಳುಗಳು ತಿರುಗುವ ಸಂದು, ಡಯಲು, ಬೆನ್ನಿನ ತಗಡು ಎಲ್ಲ ಕೂರಬೇಕು. ಸೆಕೆಂಡಿನ ಮುಳ್ಳನ್ನು ಬಿಟ್ಟದ್ದರಿಂದ ಒಂದು ಅಂತಸ್ತು ಉಳಿಯಿತು. ಇಷ್ಟರ ಮೇಲೆ 30 ಮೀಟರಿನ ನೀರಿನ ಒತ್ತಡ ತಡೆಯುವ ಭರವಸೆ ಬೇರೆ. ತೆಳು ತಗಡು ಒತ್ತಡಕ್ಕೆ ಕೂದಲೆಳೆಯಷ್ಟು ಒಳಬಾಗಿದರೂ ಯಂತ್ರಕ್ಕೆ ತಾಗೀತು. ಜನತಾದಲ್ಲಾದರೆ ಅಷ್ಟು ಬಾಗಿದ್ದು ಲೆಕ್ಕಕ್ಕೇ ಬಾರದು.

‘ಸೆಲ್ ಹಾಕಿದ ಮೇಲೆ ತೆಳ್ಳಗೆ ಮಾಡುವುದೇನು ಮಹಾ?’ ಎಂದು ಕೀ ವಾಚಿನ ಭಕ್ತರು ಕೇಳುತ್ತಾರೆ. ಮೇಲಿನ ಲೆಕ್ಕವೇ ಅದಕ್ಕೆ ಉತ್ತರ: ಎತ್ತರದ ಮೂರರಲ್ಲಿ ಎರಡು ಪಾಲು ಯಂತ್ರದ ಹೊರಗಿದೆ. ಯಂತ್ರ ತೆಳುವಾದಷ್ಟೂ ಕಷ್ಟ ಕೇಸಿನ ತಲೆಗೆ ಬಂತು. ಈ ಎರಡರ ಕೇಸನ್ನು ಐಷಾರಾಮಿ ವಾಚಿನದರಂತೆ ಹೀಗೆ ಅಳೆಯಹೊರಟರೆ, ‘ಸ್ವಿಟ್ಜರ್‌ಲೆಂಡಿನದಲ್ಲದ್ದು ಐಷಾರಾಮಿ ವಾಚು ಹೇಗಾದೀತು, ಅದರಲ್ಲೂ ಜನತಾ?’ ಎಂಬುದು ಇನ್ನೊಂದು ಆಕ್ಷೇಪ. ಬೆಲೆಯ ಮಾತಾದರೆ ಒಪ್ಪಿದೆ. ಆದರೆ ಅದೇ ಸ್ವಿಟ್ಜರ್‌ಲೆಂಡಿನಲ್ಲಿ 1972ರಲ್ಲಿ ಆಡೆಮಾರ್ ಪಿಗೆ ಕಂಪನಿ ಬರೀ ಉಕ್ಕಿನ ‘ರಾಯಲ್ ಓಕ್’ ಮಾಡಿ, ಎಂಟು ಮೂಲೆಯ ಅಂಚಿನಲ್ಲಿ ಎಂಟು ಸ್ಕ್ರೂಗಳನ್ನು ಎದುರಿಗೇ ಕಾಣುವಂತೆ ಕೂರಿಸಿ, ಚಿನ್ನದ ವಾಚಿನ ಬೆಲೆ ಕೇಳಿತು. ಲೋಹಕ್ಕಿಂತ ಕೇಸಿನ ಕುಸುರಿಗೇ ಬೆಲೆ ಎಂದು ಅವರೇ ತೋರಿಸಿಕೊಟ್ಟ ಮೇಲೆ ಆ ಕುಸುರಿಯನ್ನು ಜನತಾದಲ್ಲೂ ಹುಡುಕುವುದು ತಪ್ಪಲ್ಲ.

ನೋಡಲು ನನಗೆ ಜನತಾದ ಉಬ್ಬೇ ಇಷ್ಟ. ಅದರಲ್ಲಿ ಬೆಳಕು ಓಡಾಡುತ್ತದೆ. ಕೇಸಿನ ಕಸುಬಿಗೆ ಅಂಕ ಕೊಡಬೇಕಾದರೆ ಎಡ್ಜ್‌ಗೇ ಹೆಚ್ಚು, ಏಕೆಂದರೆ ದಪ್ಪವನ್ನು ಬಚ್ಚಿಡಲು ಅದಕ್ಕೆ ಮೇಲೂ ಇಲ್ಲ, ಕೆಳಗೂ ಇಲ್ಲ. ವಾಚು ಕೊಳ್ಳುವವರು ಡಯಲಿಗೆ ಮರುಳಾಗುವ ಮುಂಚೆ ಒಮ್ಮೆ ಅದನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ನೋಡಲಿ.