ಹಿರೇವಡ್ಡಟ್ಟಿಯಲ್ಲಿ ಒಂಬತ್ತೂವರೆ ಗಂಟೆ

ಗದಗಿನಿಂದ ಮುಂಡರಗಿಯ ಕಡೆಗೆ ಹೋದವರಿಗೆಲ್ಲ ಡಂಬಳ ಗೊತ್ತು. ಅಲ್ಲಿಯ ದೊಡ್ಡಬಸಪ್ಪನ ಗುಡಿ ಚಾಲುಕ್ಯರ ಕಾಲದ್ದು. ನಕ್ಷತ್ರದ ಹಾಗೆ ಮೂಲೆಮೂಲೆಯಾಗಿ ಸುತ್ತಿದ ಅದರ ಗೋಡೆಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಅದೇ ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಗೆ ಊರು ನೋಡಲೆಂದೇ ಬರುವವರು ಕಡಿಮೆ. 1997ರಲ್ಲಿ ಗದಗ ಬೇರೆ ಜಿಲ್ಲೆಯಾಗುವವರೆಗೆ ಇದೆಲ್ಲ ಧಾರವಾಡ ಜಿಲ್ಲೆಯೇ. ಕಣ್ಣು ಹಾಯಿಸಿದಷ್ಟೂ ಹೊಲ, ಆಚೆಗೆ ಗಿಡಮೂಲಿಕೆಗಳಿಗೆ ಹೆಸರಾದ ಕಪ್ಪತಗುಡ್ಡದ ಸಾಲು, ಗುಡ್ಡದ ನೆತ್ತಿಯಲ್ಲಿ ನಿಧಾನವಾಗಿ ತಿರುಗುವ ಗಾಳಿಯಂತ್ರಗಳು. ಗುಡಿ ನೋಡುವವರು ಡಂಬಳದಲ್ಲಿ ಇಳಿಯಲಿ. ತಾಯಂದಿರು ನೋಡಬೇಕಾದ ಜಾಗವೊಂದು ಇಂಥ ಊರಿನಲ್ಲಿದೆ. ಅದು ಅಂಗನವಾಡಿ.

ನಾನು ಹೋದದ್ದು ಶ್ರಾವಣದಲ್ಲಿ, ಹೆಸರು ಬಿಡಿಸುವ ಹಂಗಾಮಿನಲ್ಲಿ. ಹೊತ್ತು ಏರುವ ಮುಂಚೆಯೇ ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಬುತ್ತಿ ಕಟ್ಟಿಕೊಂಡು ಹೆಂಗಸರು ಹೊಲದ ಹಾದಿ ಹಿಡಿಯುತ್ತಾರೆ. ಮಳೆ ಬಂದರೆ ಕಾಯಿ ಕೆಡುತ್ತದೆ, ಕೂಲಿ ತಪ್ಪುತ್ತದೆ; ಕಾಯುವಂತಿಲ್ಲ. ಹಾಗಾದರೆ ಮೂರು ವರ್ಷದ ಮಗುವನ್ನು ನೋಡಿಕೊಳ್ಳುವವರು ಯಾರು? ಅಜ್ಜಿ ಇದ್ದ ಮನೆಯಲ್ಲಿ ಅಜ್ಜಿ. ಇಲ್ಲದ ಮನೆಯಲ್ಲಿ ನಾಲ್ಕನೇ ಇಯತ್ತೆ ಓದುವ ಅಕ್ಕ! ತಮ್ಮನನ್ನು ಸೊಂಟದ ಮೇಲೆ ಇಟ್ಟುಕೊಂಡ ಆ ಹುಡುಗಿಯ ಪಾಟಿಚೀಲ ಅವತ್ತು ಗೂಟಕ್ಕೇ ತೂಗುತ್ತದೆ. ಚಿಕ್ಕದು ಅಂಗನವಾಡಿಯಲ್ಲಿ ನಿಂತರೆ ದೊಡ್ಡದು ಸಾಲೆಯಲ್ಲಿ ನಿಲ್ಲುತ್ತದೆ. ಈ ಲೆಕ್ಕ ಯಾವ ತಾಯಿಗಾದರೂ ತಿಳಿಯುವಂಥದು.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, ಮೊದಲು 33 ಕಡೆಗಳಲ್ಲಿ. ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ನೂರು ಕೇಂದ್ರಗಳಿಂದ ಶುರುವಾಯಿತು. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಬೇಕಾದಾಗ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಮತ್ತು ಮೂರರಿಂದ ಆರು ವರ್ಷದವರಿಗೆ ಶಾಲಾಪೂರ್ವ ಶಿಕ್ಷಣ — ಹೀಗೆ ಆರು ಕೆಲಸ ಅದರದು. ಆದರೆ ಬಹಳ ಜನರ ಬಾಯಲ್ಲಿ ಅದು ಇಂದಿಗೂ 'ಊಟ ಕೊಡೋ ಸಾಲಿ'. ಊಟದ ಹೊತ್ತಿಗೆ ಕಳಿಸುವುದು, ಉಂಡ ಕೂಡಲೇ ಕರೆದುಕೊಂಡು ಹೋಗುವುದು. ಹಾಗೆ ಮಾಡಿದರೆ ಮಗುವಿಗೆ ಸಿಗುವುದು ಆರರಲ್ಲಿ ಒಂದೇ.

ಅಳುವ ಮಗು, ಅವಸರದ ತಾಯಿ

ಒಂಬತ್ತೂವರೆಗೆ ಬಾಗಿಲಲ್ಲಿ ದಿನವೂ ಒಂದು ರಂಪ. ಹೊಸದಾಗಿ ಸೇರಿದ ಹುಡುಗ ಅವ್ವನ ಸೆರಗು ಬಿಡಲೊಲ್ಲ.

"ಅಕ್ಕಾರ, ಇವತ್ತೊಂದಿನ ಮನ್ಯಾಗ ಇರ್ಲಿ ಬಿಡ್ರಿ. ಭಾಳ ಅಳಾಕತ್ತಾನ."

"ಇವತ್ತ ಕರಕೊಂಡ ಹೋದ್ರ ನಾಳೆ ಇನ್ನೂ ಜೋರ ಅಳ್ತಾನ ನೋಡವ್ವ. ಅತ್ರ ಮನಿಗೆ ಒಯ್ತಾರಂತ ಗೊತ್ತಾಗತೈತಿ ಅವಂಗ. ಆದ್ರ ಕಣ್ಣು ತಪ್ಪಿಸಿ ಹೋಗಬ್ಯಾಡ. 'ಹೊಲಕ್ಕ ಹೋಗ್ತೀನಿ, ನೀ ಉಂಡು ಮಲಗಿ ಏಳೂದ್ರಾಗ ಬರ್ತೀನಿ' ಅಂತ ಹೇಳಿ ಹೋಗು. ಹೇಳಿದ ಹೊತ್ತಿಗೆ ಬಾ, ಅಷ್ಟ."

ಎಷ್ಟು ದೊಡ್ಡ ಮಾತನ್ನು ಎಷ್ಟು ಸಲೀಸಾಗಿ ಹೇಳಿದರು! ಚಿಕ್ಕ ಮಗುವಿಗೆ ಗಡಿಯಾರ ತಿಳಿಯದು, ಆದರೆ ಒಂದರ ಹಿಂದೆ ಒಂದು ಬರುವ ಕ್ರಮ ತಿಳಿಯುತ್ತದೆ. ಊಟ ಆಯಿತು, ನಿದ್ದೆ ಆಯಿತು, ಇನ್ನು ಅವ್ವ ಬರುತ್ತಾಳೆ. ಆ ನಂಬಿಕೆ ಒಮ್ಮೆ ಕೂತರೆ ಅಳು ತಾನಾಗಿ ನಿಲ್ಲುತ್ತದೆ. ತಾಯಿ ಕದ್ದು ಹೋದರೆ ಮಗು ಮರುದಿನ ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ.

ಕ್ರಮವೇ ಪಾಠ

ಚಪ್ಪಲಿಗಳನ್ನು ಸಾಲಾಗಿ ಬಿಡುವುದು ಮೊದಲ ಕೆಲಸ. ಆಮೇಲೆ ಪ್ರಾರ್ಥನೆ, ಹಾಜರಿ. ದುಂಡಗೆ ಕುಳಿತು ಮಾತು: ಇವತ್ತು ಮೋಡ ಇದೆಯೋ ಬಿಸಿಲಿದೆಯೋ, ಯಾರು ಬಂದಿಲ್ಲ, ಮನೆಯಲ್ಲಿ ಏನು ಪಲ್ಯ? ಅಭಿನಯದ ಹಾಡು, ಕಥೆ, ಮಣಿ ಪೋಣಿಸುವುದು, ಮಣ್ಣಿನಲ್ಲಿ ಎತ್ತು ಮಾಡುವುದು, ಅಂಗಳದ ಆಟ. ಸಾಲಾಗಿ ನಿಂತು ಕೈ ತೊಳೆದು ಊಟ, ನಂತರ ನಿದ್ದೆ. ಮೂರರಿಂದ ಆರರ ಮಗುವಿಗೆ ಇಲ್ಲಿ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಸಿಗಬೇಕೆಂದು 2013ರಲ್ಲಿ ಬಂದ ಆಹಾರ ಭದ್ರತಾ ಕಾಯ್ದೆ ಹೇಳಿತ್ತು. ಅದೇ ವರ್ಷ ಕ್ಷೀರಭಾಗ್ಯದಿಂದ ಹಾಲೂ ಬಂತು.

"ಏನೂ ಬರಸಂಗಿಲ್ಲ, ಬರೇ ಆಡಸ್ತಾರ" ಎಂದು ಗೊಣಗುವ ತಾಯಂದಿರಿದ್ದಾರೆ. ಮೂರು ವರ್ಷದ ಬೆರಳಿಗೆ ಪೆನ್ಸಿಲ್ ಹಿಡಿಯುವ ಕಸುವು ಇನ್ನೂ ಬಂದಿರುವುದಿಲ್ಲ. ಮಣಿ ಪೋಣಿಸುವುದು, ಮಣ್ಣು ನಾದುವುದು ಆ ಕಸುವನ್ನು ಕೊಡುತ್ತವೆ. ತನ್ನ ಸರದಿಗೆ ಕಾಯುವುದು, ಕಥೆಯನ್ನು ಕೊನೆಯವರೆಗೆ ಕೇಳುವುದು, ಹೇಳಿದ್ದನ್ನು ತಿಳಿದು ಮಾಡುವುದು — ಇಷ್ಟು ಬಂದರೆ ಒಂದನೇ ಇಯತ್ತೆ ಭಾರವಾಗುವುದಿಲ್ಲ.

ಇದು ಇಂದು ನಿನ್ನೆಯ ವಿಚಾರವೂ ಅಲ್ಲ. ಜರ್ಮನಿಯ ಫ್ರೋಬೆಲ್ ಎಂಬ ಗುರು 1837ರಲ್ಲಿ ಎಳೆಯರಿಗಾಗಿ ಆಟದ ಶಾಲೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ. ಎಂದರೆ ಮಕ್ಕಳ ತೋಟ. ನಮ್ಮ ಕಡೆ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಕೆಲಸ ಶುರುಮಾಡಿ, ಬಡವರ ಅಂಗಳಕ್ಕೇ ಬಾಲವಾಡಿಯನ್ನು ತಂದರು. ಹೊಲ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಗ ಬೆಳೆಯಲೆಂದು ಮೊಳಕೆಯನ್ನು ಹಿಡಿದು ಜಗ್ಗುವವರುಂಟೇ?

ಮನೆಯ ಪಾಲು

ಅಕ್ಕೋರು ತಾಯಂದಿರಿಂದ ಕೇಳುವುದು ದುಡ್ಡಲ್ಲ. ಅವರು ಹೇಳಿದ್ದರಲ್ಲಿ ಪೇಟೆಯ ಎಲ್‌ಕೆಜಿಗೆ ಮಗುವನ್ನು ಕಳಿಸುವ ನಮಗೂ ಹೊಂದುವಂಥವು ಇವು:

ರಾತ್ರಿ ಬೇಗ ಮಲಗಿಸಿ. ನಿದ್ದೆಗೆಟ್ಟ ಮಗು ಬೆಳಿಗ್ಗೆ ಅತ್ತೇ ಅಳುತ್ತದೆ.

ಬಹಿರ್ದೆಸೆ, ಹಲ್ಲುಜ್ಜುವುದು, ತಲೆ ಬಾಚುವುದು ದಿನವೂ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ ಆಗಲಿ. ವಾರಕ್ಕೊಮ್ಮೆ ಉಗುರು ತೆಗೆಯಿರಿ. ತಾನೇ ಎಳೆದುಕೊಳ್ಳಬಲ್ಲ ಸಡಿಲ ಚಡ್ಡಿ ಹಾಕಿ. ಗುಂಡಿ, ಲಾಡಿ ಬೇಡ.

ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ. ಹಾಲಿನಲ್ಲಿ ಅರ್ಧ ರೊಟ್ಟಿ ಮುರಿದು ಹಾಕಿದರೂ ಸಾಕು. ಅಂಗನವಾಡಿಯ ಊಟ ಮನೆಯ ಊಟದ ಜೊತೆಗೆ, ಅದರ ಬದಲಿಗಲ್ಲ.

ತನ್ನ ಕೈಯಿಂದ ತಾನೇ ಉಣ್ಣಲಿ. ಚೆಲ್ಲಿದರೆ ಚೆಲ್ಲಲಿ, ಒರೆಸುವುದನ್ನೂ ಕಲಿಯಲಿ.

ಜ್ವರ, ಭೇದಿ ಇದ್ದ ದಿನ ಮನೆಯಲ್ಲಿ ಉಳಿಸಿಕೊಳ್ಳಿ. ಉಳಿದ ದಿನ ತಪ್ಪಿಸಬೇಡಿ.

ಯಾರು ಕರೆದೊಯ್ಯಲು ಬರುತ್ತಾರೆಂದು ಮೊದಲೇ ಹೇಳಿರಿ. ಹೇಳಿದವರನ್ನು ಬಿಟ್ಟು ಬೇರೆಯವರು ಬರಬಾರದು.

ತೂಕ ನೋಡುವ ದಿನ ತಪ್ಪಿಸಬೇಡಿ. ಪಟದಲ್ಲಿ ಹಸಿರು ಬಣ್ಣದಿಂದ ಹಳದಿಗೆ ಇಳಿದರೆ ಏನು ಮಾಡಬೇಕೆಂದು ನೀವೇ ಕೇಳಿ. ತಾಯಿ ಕಾರ್ಡು ಜೋಪಾನ. ಐದು ತುಂಬಿದ ಮೇಲೂ ಒಂದು ಡಿಪಿಟಿ ಚುಚ್ಚುಮದ್ದು ಇದೆ.

ಸಂಜೆ "ಏನು ಬರೆಸಿದರು?" ಎನ್ನುವ ಬದಲು "ಇವತ್ತು ಯಾವ ಕಥೆ?" ಎಂದು ಕೇಳಿ. ರೊಟ್ಟಿ ಬಡಿಯುತ್ತಲೇ ಕೇಳಬಹುದು, ಬೇರೆ ಹೊತ್ತು ಬೇಕಿಲ್ಲ.

ಒಂದು ಮಾತು ನಮ್ಮ ಹಕ್ಕಿನದೂ ಹೌದು. ಕೇಂದ್ರ ಹೊತ್ತಿಗೆ ತೆರೆಯದಿದ್ದರೆ, ಕಾಳು ಸರಿ ಇಲ್ಲದಿದ್ದರೆ, ನೀರಿಲ್ಲದಿದ್ದರೆ ಸುಮ್ಮನಿರಬೇಡಿ. ಬಾಲವಿಕಾಸ ಸಮಿತಿಯಲ್ಲಿ ತಾಯಂದಿರೂ ಇರುತ್ತಾರೆ, ಅಲ್ಲಿ ಕೇಳಿ. ಅಕ್ಕೋರ ಮೇಲೆ ಸಮೀಕ್ಷೆ, ದಾಖಲೆ, ಮನೆಭೇಟಿಯ ಹೊರೆಯೂ ಇದೆ. ಆದ್ದರಿಂದ ಜಗಳಕ್ಕಲ್ಲ, ಕೈಜೋಡಿಸಲು ಹೋಗಿ.

ಅಂಗನವಾಡಿಯಾಗಲಿ, ಪೇಟೆಯ ಶಾಲೆಯಾಗಲಿ, ದಿನದ ಅರ್ಧ ಕ್ರಮವನ್ನು ಮಾತ್ರ ಕೊಡಬಲ್ಲದು. ಉಳಿದರ್ಧ ನಮ್ಮ ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಹಾಸಿಗೆಯಲ್ಲಿ ಇದೆ. ಎರಡೂ ಕೂಡಿದ ಮನೆಯಲ್ಲಿ ಚಿಕ್ಕದು ನಗುತ್ತ ಹೋಗುತ್ತದೆ. ಅದರ ಅಕ್ಕನೂ ಪಾಟಿಚೀಲ ಗೂಟದಿಂದ ಇಳಿಸಿಕೊಂಡು ತನ್ನ ಸಾಲೆಗೆ ಹೊರಡುತ್ತಾಳೆ.