ಇಪ್ಪತ್ತಾರನೆಯ ಗಿರಾಕಿ

ಎಂಜಿನಿಯರಿಂಗ್ ಓದುವ ಮಗನು ಬೇಸಗೆಯ ರಜೆಗೆಂದು ಮನೆಗೆ ಬಂದವನು, ತಂದೆಯ ಕಿರಾಣಿ ಅಂಗಡಿಯ ಕೆಂಪು ರಟ್ಟಿನ ಉದ್ದರಿ ಪುಸ್ತಕಕ್ಕೆ ನಿವೃತ್ತಿಯನ್ನು ದಯಪಾಲಿಸಿ, ಸಾಲಗಾರರ ಸಮಸ್ತ ಜಾತಕವನ್ನೂ ಕಂಪ್ಯೂಟರಿಗೆ ವಹಿಸಿಕೊಡುವೆನೆಂದು ಹೊರಟರೆ, ಆ ತಂದೆಗೆ ಹೆಮ್ಮೆ ಹೆಚ್ಚೋ ಅಂಜಿಕೆ ಹೆಚ್ಚೋ ಹೇಳಬರುವಂತಿಲ್ಲ. ಸಿ ಭಾಷೆಯಲ್ಲಿ ನಾನು ರಚಿಸಿದ್ದ ಪ್ರೋಗ್ರಾಮು ಕಾಲೇಜಿನ ಯುನಿಕ್ಸ್ ಯಂತ್ರದಲ್ಲಿ ನಲವತ್ತು ಮಂದಿ ಕಲ್ಪಿತ ಗಿರಾಕಿಗಳ ಬಾಕಿಯನ್ನು ಒಂದು ಪೈಸೆಯೂ ತಪ್ಪದಂತೆ ಒಪ್ಪಿಸಿತ್ತು. ಅದನ್ನೇ ಕಾಗದಕ್ಕಿಳಿಸಿ ತಂದು, ಊರಿನ ಡಾಸ್ ಯಂತ್ರದಲ್ಲಿ ಅಕ್ಷರವೊಂದನ್ನೂ ಬಿಡದೆ ಟೈಪು ಮಾಡಿ, ನಿಜವಾದ ಹೆಸರುಗಳನ್ನು ತುಂಬಿದೆನು. ತಂದೆಯವರು ಪರದೆಗೆ ಬೆರಳು ಹಚ್ಚಿ ಎಣಿಸಿದರು. ಇಪ್ಪತ್ತೈದಕ್ಕೆ ಪಟ್ಟಿ ಮುಗಿದಿತ್ತು.

“ಇಪ್ಪತ್ತಾರನೆಯವನ ಸಾಲವನ್ನು ನಿನ್ನ ಯಂತ್ರ ಮನ್ನಾ ಮಾಡಿತೇನೋ? ಅವನಿನ್ನೂ ಸೀಮೆಎಣ್ಣೆಯ ದುಡ್ಡೇ ಕೊಟ್ಟಿಲ್ಲವಲ್ಲ!”

ಆ ಪರದೆಯಲ್ಲಿ ಹಿಡಿಸುತ್ತಿದ್ದುದೇ ಇಪ್ಪತ್ತೈದು ಸಾಲುಗಳಾದುದರಿಂದ, ದೋಷವೆಲ್ಲ ಅದರದೇ ಎಂದು ಬಗೆದು ಎರಡು ದಿನ ವ್ಯರ್ಥವಾಗಿ ಹೆಣಗಿದೆನು. ನಿಜವಾದ ಕಾರಣವನ್ನು ತಿಳಿಸಿದವನು, ರಜೆ ಕಳೆದ ಮೇಲೆ, ನನಗಿಂತ ಒಂದು ತರಗತಿ ಮುಂದಿದ್ದ ಗೆಳೆಯ. 1974ರಲ್ಲಿ ಗ್ಯಾರಿ ಕಿಲ್ಡಾಲ್ ರಚಿಸಿದ ಸಿಪಿ/ಎಂ ಎಂಬ ವ್ಯವಸ್ಥೆಯು ಕಡತದ ಉದ್ದವನ್ನು 128 ಬೈಟುಗಳ ಕಟ್ಟುಗಳಲ್ಲಿ ಮಾತ್ರ ಎಣಿಸುತ್ತಿದ್ದುದರಿಂದ, ಕೊನೆಯ ಕಟ್ಟಿನಲ್ಲಿ ಬರೆಹವು ನಿಂತದ್ದೆಲ್ಲಿ ಎಂಬುದನ್ನು ಸೂಚಿಸಲು 26 ಎಂಬ ಬೆಲೆಯುಳ್ಳ ಗುರುತನ್ನು ಇಡುವ ವಾಡಿಕೆಯಿತ್ತು. ಡಾಸ್ ತನ್ನ ಕಡತದ ಉದ್ದವನ್ನು ಬೈಟು ಬೈಟಾಗಿ ಬಲ್ಲುದಾದರೂ, ಅಜ್ಜನ ಮನೆಯ ಸಂಪ್ರದಾಯವೆಂದು ಆ ಗುರುತನ್ನೂ ಉಳಿಸಿಕೊಂಡಿತ್ತು. ನನ್ನ ಕಡತದಲ್ಲಿಯೋ ಪ್ರತಿಯೊಬ್ಬನ ಹೆಸರಿಗೂ ಮೊದಲು ಅವನ ಕ್ರಮಸಂಖ್ಯೆ, ಅಕ್ಷರಗಳಲ್ಲಲ್ಲದೆ, ಬರಿಯ ಬೆಲೆಯಾಗಿಯೇ ಕುಳಿತಿತ್ತು! ಇಪ್ಪತ್ತಾರನೆಯ ಗಿರಾಕಿಯು ತಾನೇ ಪೂರ್ಣವಿರಾಮವಾಗಿ, ಹಿಂದಿದ್ದವರನ್ನೆಲ್ಲ ಮರೆಮಾಡಿ ನಿಂತಿದ್ದನು.

ಸಿ ಭಾಷೆಯ ತವರಿನಲ್ಲಿ ಇಂಥ ಮಡಿವಂತಿಕೆ ಇರಲಿಲ್ಲ. ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಕಟ್ಟಿದ ಈ ಭಾಷೆಯಲ್ಲಿ 1973ರಲ್ಲಿ ಪುನಃ ರಚಿತವಾದ ಯುನಿಕ್ಸ್‌ಗೆ ಕಡತವೆಂದರೆ ಬರಿಯ ಬೈಟುಗಳ ಹೊಳೆ. ಯಾವ ಬೈಟಿಗೂ ವಿಶೇಷ ಮರ್ಯಾದೆಯಿಲ್ಲ. ರಿಚಿಯೂ ಸ್ಟೀಫನ್ ಜಾನ್ಸನ್ನನೂ ಯುನಿಕ್ಸನ್ನು ಪಿಡಿಪಿ–11ರಿಂದ, ಅದನ್ನು ಅಷ್ಟಾಗಿ ಹೋಲದ ಇಂಟರ್‌ಡೇಟಾ 8/32 ಯಂತ್ರಕ್ಕೆ ಸಾಗಿಸಿದ ಮೇಲೆ, ಸಿ ಎಲ್ಲಿಯಾದರೂ ಓಡುವುದೆಂಬ ಕೀರ್ತಿ ಹಬ್ಬಿತು. ಓಡುವುದೇನೋ ದಿಟ, ಎಲ್ಲಿ ನಿಲ್ಲಬೇಕೆಂಬುದು ಮಾತ್ರ ಊರಿಗೊಂದು ಬಗೆ. 1989ರ ಅಮೆರಿಕದ ಶಿಷ್ಟರೂಪವು ಇದಕ್ಕೆ ವಿಧಿಸಿರುವ ಪರಿಹಾರ, ಕಡತವನ್ನು ತೆರೆಯುವಾಗ ‘ಬಿ’ ಎಂಬ ಒಂದಕ್ಷರವನ್ನು ಸೇರಿಸುವುದು. ಯುನಿಕ್ಸ್‌ನಲ್ಲಿ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದುದರಿಂದಲೇ ನಾನದನ್ನು ಬರೆದಿರಲಿಲ್ಲ.

ದೀಪಾವಳಿಗೆ ಬಂದವನು ಓದುವ ಕಡೆ ಆ ಅಕ್ಷರವನ್ನು ಸೇರಿಸಿ, ಗೆದ್ದೆನೆಂಬ ಧೈರ್ಯದಿಂದ ತಂದೆಯವರನ್ನು ಕರೆದೆನು. ಹತ್ತನೆಯ ಸಾಲಿನಲ್ಲಿ ಹೆಸರಿಲ್ಲದ ಗಿರಾಕಿಯೊಬ್ಬನು 2573 ಎಂಬ ಕ್ರಮಸಂಖ್ಯೆಯೊಡನೆ ಪ್ರತ್ಯಕ್ಷನಾದನು. 10 ಎಂಬುದು ಸಿ ಭಾಷೆಗೆ ಸಾಲು ಮುಗಿದ ಗುರುತು. ‘ಬಿ’ ಇಲ್ಲದೆ ಬರೆದ ಹಳೆಯ ಕಡತದಲ್ಲಿ, ಡಾಸ್‌ನ ಪದ್ಧತಿಯಂತೆ, ಸಿ ಅದಕ್ಕೆ ಮೊದಲು 13 ಎಂಬ ಜೊತೆಗಾರನನ್ನು ತಾನಾಗಿಯೇ ಕೂರಿಸಿಬಿಟ್ಟಿತ್ತು. ಅಲ್ಲಿಂದಾಚೆಗೆ ಎಲ್ಲರ ಲೆಕ್ಕವೂ ಒಂದು ಬೈಟು ಸರಿದು ಅಡ್ಡಾದಿಡ್ಡಿಯಾಗಿತ್ತು.

ತಂದೆಯವರು ಒಂದು ಮಾತೂ ಆಡದೆ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಕೆಂಪು ರಟ್ಟಿನ ಪುಸ್ತಕವನ್ನು ತೆಗೆದರು. ಬೇಸಗೆಯಿಂದ ಒಂದು ದಿನವೂ ತಪ್ಪದೆ ಅದರಲ್ಲಿ ಬರೆಯುತ್ತಲೇ ಬಂದಿದ್ದರು. ಕನ್ನಡಕ ಸರಿಪಡಿಸಿಕೊಂಡು ಮೊದಲ ಹೆಸರಿನಿಂದ ಓದತೊಡಗಿದರು. ನಾನು ಟೈಪು ಮಾಡುತ್ತ ಹೋದೆನು. ಇಪ್ಪತ್ತಾರನೆಯವನ ಸೀಮೆಎಣ್ಣೆಯ ದುಡ್ಡು ಇನ್ನೂ ಬಂದಿರಲಿಲ್ಲ.